ಹೊಳೆಯ ಬಣ್ಣ, ಹೂಳಿನ ಲೆಕ್ಕ: ತುಂಗಭದ್ರಾ ಕೊಳ್ಳದಲ್ಲಿ ಜನಪದ ಅರಿವು ಮತ್ತು ವೈಜ್ಞಾನಿಕ ಮಾಪನ

1. ಪ್ರವೇಶ

ಜಾನಪದ ಅಧ್ಯಯನದಲ್ಲಿ ನದಿಯನ್ನು ಕುರಿತ ಸಾಮಗ್ರಿ ವಿಪುಲವಾಗಿ ಸಂಗ್ರಹವಾಗಿದೆ. ಗಂಗೆಪೂಜೆ, ಬಾಗಿನ, ಜಲದೇವತೆಯ ಐತಿಹ್ಯಗಳು, ಅಂಬಿಗರ ಹಾಡುಗಳು, ಕೆರೆಗೆ ಹಾರವಾದ ಹೆಣ್ಣುಮಕ್ಕಳ ಕಥನಗಳು ನಮ್ಮ ವಿದ್ವಾಂಸರ ಗಮನವನ್ನು ಬಹುಕಾಲದಿಂದ ಸೆಳೆದಿವೆ. ಆದರೆ ಇವೆಲ್ಲವನ್ನೂ ನಾವು ಬಹುಮಟ್ಟಿಗೆ ನಂಬಿಕೆ ಮತ್ತು ಆಚರಣೆಯ ನೆಲೆಯಲ್ಲಿ ನೋಡಿದ್ದೇವೆಯೇ ಹೊರತು ಅರಿವಿನ ನೆಲೆಯಲ್ಲಿ ನೋಡಿದ್ದು ಕಡಿಮೆ. ಹೊಳೆಯ ದಂಡೆಯಲ್ಲಿ ತಲೆತಲಾಂತರದಿಂದ ಬದುಕಿದ ಜನ ಆ ಹೊಳೆಯ ನೀರನ್ನು ಪ್ರತಿದಿನ ಕಂಡಿದ್ದಾರೆ, ಕುಡಿದಿದ್ದಾರೆ, ಅದರಲ್ಲಿ ಬಲೆ ಬೀಸಿದ್ದಾರೆ, ಬಟ್ಟೆ ಒಗೆದಿದ್ದಾರೆ. ಇಷ್ಟು ದೀರ್ಘವಾದ ವೀಕ್ಷಣೆಯಿಂದ ಮೂಡಿದ ತಿಳಿವಳಿಕೆಯನ್ನು ಇಂದಿನ ವಿಜ್ಞಾನದ ಮಾಪನ ಕ್ರಮದ ಎದುರು ಇಟ್ಟು ನೋಡಿದರೆ ಏನು ಕಾಣುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರಶ್ನೆ.

ಈ ಪ್ರಶ್ನೆ ಕೇವಲ ಶೈಕ್ಷಣಿಕ ಕುತೂಹಲದ್ದಲ್ಲ. ತುಂಗಭದ್ರಾ ಜಲಾಶಯ ಹೂಳಿನಿಂದ ತುಂಬುತ್ತಿದೆ. 'ತುಂಗಾ ಪಾನ, ಗಂಗಾ ಸ್ನಾನ' ಎಂದು ನಾಡೆಲ್ಲ ಕೊಂಡಾಡಿದ ತುಂಗೆಯೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕಲುಷಿತ ನದಿಭಾಗಗಳ ಪಟ್ಟಿಯಲ್ಲಿ ಸೇರಿತು. ಹೊಳೆಯ ಸ್ಥಿತಿಯನ್ನು ಯಾರು ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ, ಆ ಅಳತೆ ಯಾರ ಕೈಸೇರುತ್ತದೆ ಎಂಬುದು ದಂಡೆಯ ಲಕ್ಷಾಂತರ ಜನರ ಬದುಕಿಗೆ ಸಂಬಂಧಿಸಿದ ವಿಷಯವಾಗಿದೆ.

2. ಕೊಳ್ಳದ ಸ್ವರೂಪ

ಕೃಷ್ಣಾ ನದಿಯ ಕೊಳ್ಳ ಸುಮಾರು 2,58,948 ಚದರ ಕಿಲೋಮೀಟರ್ ವಿಸ್ತಾರವುಳ್ಳದ್ದು. ಇದರ ಶೇಕಡಾ 43ಕ್ಕಿಂತ ಹೆಚ್ಚು ಭಾಗ ಕರ್ನಾಟಕದಲ್ಲಿದೆ. ಭೀಮಾ ಮತ್ತು ತುಂಗಭದ್ರಾ ಇದರ ಎರಡು ಮುಖ್ಯ ಉಪನದಿಗಳು. ತುಂಗೆ ಮತ್ತು ಭದ್ರೆ ಎರಡೂ ಪಶ್ಚಿಮಘಟ್ಟದ ವರಾಹ ಪರ್ವತಶ್ರೇಣಿಯ ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದು, ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಮುಂದೆ ಹೊನ್ನಾಳಿ, ಹರಿಹರ, ಹೊಸಪೇಟೆ, ಹಂಪಿ, ಮಂತ್ರಾಲಯಗಳನ್ನು ಹಾಯ್ದು ತುಂಗಭದ್ರೆ ಕೃಷ್ಣೆಯನ್ನು ಸೇರುತ್ತದೆ. ದಾರಿಯಲ್ಲಿ ವರದಾ ಮತ್ತು ವೇದಾವತಿ ನದಿಗಳು ಬಂದು ಕೂಡುತ್ತವೆ.

ಮಲೆನಾಡಿನ ಅತಿವೃಷ್ಟಿಯ ನೆಲದಲ್ಲಿ ಹುಟ್ಟಿ ಬಯಲುಸೀಮೆಯ ಮಳೆನೆರಳಿನ ನಾಡಿಗೆ ಹರಿಯುವುದು ಈ ಹೊಳೆಯ ವಿಶೇಷ. ಮೇಲೆ ಕಾಡು, ಅಡಿಕೆ ತೋಟ, ಗದ್ದೆಬಯಲು. ಕೆಳಗೆ ಎರೆಹೊಲ, ಕೆಂಪುನೆಲ, ಕಲ್ಲುಗುಡ್ಡ. ಹೊಳೆಯ ಹೂಳು ಎಂಬುದು ಈ ಎಲ್ಲ ನೆಲಗಳಿಂದ ಕೊಚ್ಚಿಬಂದ ಮಣ್ಣಿನ ಮೊತ್ತ. ಆದ್ದರಿಂದ ಹೊಳೆಯ ನೀರಿನ ಬಣ್ಣವನ್ನು ಓದಬಲ್ಲವನು ಮೇಲಣ ನಾಡಿನ ಸುದ್ದಿಯನ್ನೂ ಓದಬಲ್ಲ.

3. ನೀರು ಮತ್ತು ಹೂಳಿನ ಜನಪದ ವರ್ಗೀಕರಣ

ಜನಪದರ ಭಾಷೆಯಲ್ಲಿ ನೀರಿಗೆ ಒಂದೇ ಹೆಸರಿಲ್ಲ. ಮುಂಗಾರಿನಲ್ಲಿ ಮೊದಲು ಏರಿ ಬರುವುದು 'ಹೊಸನೀರು'. ಅದು ಕೆಂಪಗಿರುತ್ತದೆ, ಕಸ, ಕಡ್ಡಿ, ತರಗೆಲೆ, ನೊರೆ ಹೊತ್ತು ಬರುತ್ತದೆ. ಮಣ್ಣು ಕಲಕಿದ ನೀರು 'ಬಗ್ಗಡ' ಅಥವಾ 'ಕದಡು'. ಕೆಸರು ಬೆರೆತು ದಪ್ಪಗಾದದ್ದು 'ರಾಡಿ'. ಮಳೆಗಾಲ ಮುಗಿದ ಮೇಲೆ ಉಳಿಯುವುದು 'ತಿಳಿನೀರು'. ಹರಿವು ನಿಂತು ಮಡುವಿನಲ್ಲಿ ಉಳಿದು ಪಾಚಿ ಕಟ್ಟಿದ್ದು 'ನಿಂತನೀರು'. ಅದನ್ನು ದನಕರುಗಳಿಗೆ ಕುಡಿಸಲೂ ಹಿಂಜರಿಯುತ್ತಾರೆ. ಹೊಳೆ ಹೊತ್ತು ತರುವ ವಸ್ತುವಿಗೂ ಹೀಗೆಯೇ ಬೇರೆ ಬೇರೆ ಹೆಸರುಗಳಿವೆ. ಕೈಯಲ್ಲಿ ಹಿಡಿದರೆ ಜಾರುವ ನುಣುಪಾದದ್ದು ರೇವೆ, ದಂಡೆಯ ಮೇಲೆ ಹರಡಿ ಬೆಳೆಗೆ ಸಾರ ಕೊಡುವುದು ಮೆಕ್ಕಲು, ಕೆರೆಯ ತಳದಿಂದ ತೆಗೆದು ಹೊಲಕ್ಕೆ ಹೊಡೆಯುವುದು ಗೋಡು, ಹರಳುಹರಳಾದದ್ದು ಮರಳು, ಅದಕ್ಕಿಂತ ದೊಡ್ಡದು ನೊರಜು, ಬೇಡದ ಕಡೆ ನಿಂತು ಜಾಗ ತುಂಬುವುದು ಹೂಳು.

ಈ ಪದಗಳನ್ನು ಒಟ್ಟಾಗಿ ಗಮನಿಸಿದರೆ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ವರ್ಗೀಕರಣದ ಒಂದು ಆಧಾರ ಕಣದ ಗಾತ್ರ. ವಿಜ್ಞಾನವೂ ಹೂಳನ್ನು ವಿಂಗಡಿಸುವುದು ಗಾತ್ರದಿಂದಲೇ. ಎರಡನೆಯದಾಗಿ, ಇನ್ನೊಂದು ಆಧಾರ ಬಳಕೆ. ಅದೇ ಮಣ್ಣು ಹೊಲದಲ್ಲಿದ್ದರೆ ಮೆಕ್ಕಲು, ಕಾಲುವೆಯಲ್ಲಿದ್ದರೆ ಹೂಳು. ಇಲ್ಲಿ ವಸ್ತುವಿನ ಮೌಲ್ಯ ಅದರ ಸ್ಥಾನದಿಂದ ನಿರ್ಧಾರವಾಗುತ್ತದೆ. ಈ ಎರಡನೆಯ ಆಧಾರ ಪ್ರಯೋಗಾಲಯದ ವರ್ಗೀಕರಣದಲ್ಲಿ ಇಲ್ಲ.

ಕಾಲದ ವಿಭಾಗವೂ ಗಮನಾರ್ಹವಾಗಿದೆ. ರೈತರು ಮಳೆಯನ್ನು ನಕ್ಷತ್ರಗಳಿಂದ ಎಣಿಸುತ್ತಾರೆ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಹೀಗೆ ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಯಾವ ಮಳೆಗೆ ಹೊಳೆ ಕೆಂಪಾಯಿತು, ಯಾವ ಮಳೆಗೆ ತಿಳಿಯಾಯಿತು ಎಂಬ ನೆನಪು ಈ ಚೌಕಟ್ಟಿನಲ್ಲಿ ಉಳಿದುಬರುತ್ತದೆ. 'ಹೊಸ ನೀರು ಬಂದು ಹಳೆ ನೀರು ಕೊಚ್ಚಿಕೊಂಡು ಹೋಯಿತು' ಎಂಬ ಗಾದೆಯನ್ನು ನಾವು ಸಾಮಾಜಿಕ ಬದಲಾವಣೆಯ ರೂಪಕವಾಗಿ ಬಳಸುತ್ತೇವೆ. ಅದರ ಮೂಲದಲ್ಲಿ ಇರುವುದು ಹೊಳೆಯ ಪ್ರತ್ಯಕ್ಷ ವೀಕ್ಷಣೆ: ಬೇಸಗೆಯಲ್ಲಿ ಮಡುಗಳಲ್ಲಿ ನಿಂತು ಕೊಳೆತ ನೀರನ್ನು ಮೊದಲ ಪ್ರವಾಹ ತಳ್ಳಿಕೊಂಡು ಹೋಗುತ್ತದೆ.

ನೀರಿನ ಮಟ್ಟವನ್ನು ಗುರುತಿಸುವ ಜನಪದ ಸಾಧನಗಳೂ ಇವೆ. ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆಶಂಕರ, ಶಿವಮೊಗ್ಗದಲ್ಲಿ ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ, ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿದವೆಂದರೆ ಹೊಳೆ ಎಷ್ಟು ಏರಿದೆಯೆಂಬುದು ಊರಿಗೆಲ್ಲ ತಿಳಿಯುತ್ತದೆ. ಇವು ಕಲ್ಲಿನಲ್ಲಿ ಕಟ್ಟಿದ ಮಟ್ಟಮಾಪಕಗಳು. ಆದರೆ ಇವುಗಳ ಅರ್ಥ ಕಾಲಾಂತರದಲ್ಲಿ ಬದಲಾಗಿದೆ. ಶಿವಮೊಗ್ಗದ ಮಂಟಪ ಮುಳುಗಿದರೆ ಘಟ್ಟದಲ್ಲಿ ಮಳೆ ಬಲವಾಗಿದೆ ಎಂದು ಇಂದಿಗೂ ಹೇಳಬಹುದು. 1953ರಲ್ಲಿ ಹೊಸಪೇಟೆಯ ಬಳಿ ಅಣೆಕಟ್ಟೆಯಲ್ಲಿ ನೀರು ನಿಂತ ಮೇಲೆ ಪುರಂದರ ಮಂಟಪ ಮುಳುಗುವುದು ಅಣೆಕಟ್ಟೆಯ ಬಾಗಿಲುಗಳಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದರ ಸೂಚನೆಯಾಗಿದೆ. ಸಂಕೇತ ಹಾಗೆಯೇ ಉಳಿದು ಸೂಚಿತ ಬದಲಾಗುವ ಈ ಕ್ರಿಯೆ ಜಾನಪದದ ವಿದ್ಯಾರ್ಥಿಗಳಿಗೆ ಅಪರಿಚಿತವೇನಲ್ಲ.

4. ವೈಜ್ಞಾನಿಕ ಮಾಪನದ ಕ್ರಮ

ನಮ್ಮ ದೇಶದ ಪ್ರಮುಖ ನದಿಗಳಲ್ಲಿ ನೀರಿನ ಮಟ್ಟ, ಹರಿವು, ಹೂಳು ಮತ್ತು ಗುಣಮಟ್ಟವನ್ನು ಅಳೆಯುವ ಹೊಣೆ ಮುಖ್ಯವಾಗಿ 1945ರಲ್ಲಿ ಸ್ಥಾಪನೆಯಾದ ಕೇಂದ್ರ ಜಲ ಆಯೋಗದ್ದು. ತುಂಗಭದ್ರಾ ಕೊಳ್ಳದಲ್ಲಿ ಹೊನ್ನಾಳಿ, ಹರಳಹಳ್ಳಿ, ವರದಾ ನದಿಯ ಮೇಲಿನ ಮರೋಳ, ಕೆಳಗೆ ಮಂತ್ರಾಲಯ ಮತ್ತು ಬಾವಾಪುರಂ ಮುಂತಾದ ಕಡೆ ಆಯೋಗದ ವೀಕ್ಷಣಾ ಕೇಂದ್ರಗಳಿವೆ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ನೀರಿನ ಗುಣಮಟ್ಟವನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತದೆ. 1974ರ ಜಲಮಾಲಿನ್ಯ ಕಾಯಿದೆಯ ಅನ್ವಯ ಈ ಮಂಡಳಿ ರೂಪುಗೊಂಡಿತು.

4.1 ಹೂಳಿನ ಅಳತೆ

ನದಿಯ ಹೂಳು ಎರಡು ಬಗೆಯಲ್ಲಿ ಸಾಗುತ್ತದೆ. ನೀರಿನಲ್ಲಿ ತೇಲಿಕೊಂಡು ಹೋಗುವುದು ಒಂದು; ತಳದಲ್ಲಿ ಉರುಳಿಕೊಂಡು, ಜಿಗಿಯುತ್ತ ಹೋಗುವುದು ಇನ್ನೊಂದು. ಕೇಂದ್ರಗಳಲ್ಲಿ ದಿನನಿತ್ಯ ಅಳೆಯುವುದು ಮೊದಲನೆಯದನ್ನು ಮಾತ್ರ. ನದಿಯ ಅಗಲದ ಉದ್ದಕ್ಕೂ ಹಲವು ಸ್ಥಾನಗಳನ್ನು ಗುರುತಿಸಿ, ಪ್ರತಿಯೊಂದರಲ್ಲಿ ಒಟ್ಟು ಆಳದ ಹತ್ತರಲ್ಲಿ ಆರು ಭಾಗ ಕೆಳಗೆ ಸೀಸೆಯನ್ನು ಇಳಿಸಿ ನೀರನ್ನು ತುಂಬಿಕೊಳ್ಳುತ್ತಾರೆ. ಆ ನೀರಿನಿಂದ ಮಣ್ಣನ್ನು ಬೇರ್ಪಡಿಸಿ, ಒಣಗಿಸಿ, ತೂಗಿ, ಒಂದು ಲೀಟರಿಗೆ ಎಷ್ಟು ಗ್ರಾಂ ಎಂದು ಲೆಕ್ಕ ಹಾಕುತ್ತಾರೆ. ಕಣಗಳನ್ನು ಮೂರು ವರ್ಗ ಮಾಡುತ್ತಾರೆ: 0.2 ಮಿಲಿಮೀಟರಿಗಿಂತ ದೊಡ್ಡವು ದಪ್ಪ, 0.075ರಿಂದ 0.2ರವರೆಗೆ ಮಧ್ಯಮ, ಅದಕ್ಕಿಂತ ಸಣ್ಣವು ನಯ. ಜನಪದರ ಮರಳು ಮತ್ತು ರೇವೆ ಎಂಬ ವಿಭಾಗ ಇದಕ್ಕೆ ಬಹಳ ಹತ್ತಿರ ಬರುತ್ತದೆ. ಈ ಸಾಂದ್ರತೆಯನ್ನು ಆ ಹೊತ್ತಿನ ಹರಿವಿನಿಂದ ಗುಣಿಸಿದಾಗ ಹೊಳೆ ಒಂದು ದಿನದಲ್ಲಿ ಹೊತ್ತೊಯ್ದ ಮಣ್ಣಿನ ತೂಕ ದೊರೆಯುತ್ತದೆ.

ಇಲ್ಲಿನ ಮುಖ್ಯ ತೊಡಕು ಕಾಲಕ್ಕೆ ಸಂಬಂಧಿಸಿದ್ದು. ಮಳೆನಾಡಿನ ನದಿಗಳಲ್ಲಿ ವರ್ಷದ ಹೂಳಿನ ಬಹುಪಾಲು ಕೆಲವೇ ದಿನಗಳ ಪ್ರವಾಹದಲ್ಲಿ ಸಾಗಿಹೋಗುತ್ತದೆ. ಅಲ್ಲದೆ, ಬೇಸಗೆಯಲ್ಲಿ ಸಡಿಲಗೊಂಡ ಮಣ್ಣನ್ನು ಮೊದಲ ಮಳೆಗಳೇ ತೊಳೆದು ತರುವುದರಿಂದ, ನೀರಿನ ಮಟ್ಟ ಶಿಖರಕ್ಕೆ ಏರುವ ಮುನ್ನವೇ ಹೂಳಿನ ಸಾಂದ್ರತೆ ಶಿಖರ ಮುಟ್ಟುವುದುಂಟು. ಇದರಿಂದ ಒಂದೇ ಮಟ್ಟದ ನೀರು ಜೂನಿನಲ್ಲಿ ತರುವ ಮಣ್ಣಿಗೂ ಸೆಪ್ಟೆಂಬರಿನಲ್ಲಿ ತರುವ ಮಣ್ಣಿಗೂ ವ್ಯತ್ಯಾಸವಿರುತ್ತದೆ. 'ಹೊಸನೀರು' ಎಂಬ ಜನಪದ ಪರಿಕಲ್ಪನೆ ಗ್ರಹಿಸಿರುವುದು ಇದನ್ನೇ. ಅದು ನೀರಿನ ಪ್ರಮಾಣಕ್ಕೆ ಇಟ್ಟ ಹೆಸರಲ್ಲ, ಋತುಚಕ್ರದಲ್ಲಿ ಆ ನೀರಿನ ಸ್ಥಾನಕ್ಕೆ ಇಟ್ಟ ಹೆಸರು.

4.2 ಗುಣಮಟ್ಟದ ಅಳತೆ

ಗುಣಮಟ್ಟದ ಪರೀಕ್ಷೆಯಲ್ಲಿ ಜಲ ಆಯೋಗ ಮೂರು ಹಂತದ ವ್ಯವಸ್ಥೆಯನ್ನು ಅನುಸರಿಸುತ್ತದೆ. ನದಿಯ ದಡದಲ್ಲಿಯೇ ಬಣ್ಣ, ವಾಸನೆ, ಉಷ್ಣತೆ, ಪಿಎಚ್, ವಿದ್ಯುದ್ವಾಹಕತೆ, ಕರಗಿದ ಆಮ್ಲಜನಕ ಮುಂತಾದವನ್ನು ನೋಡುತ್ತಾರೆ. ರಾಸಾಯನಿಕ ಮತ್ತು ಜೈವಿಕ ಪರೀಕ್ಷೆಗಳಿಗೆ ಎರಡನೆಯ ಹಂತದ ಪ್ರಯೋಗಾಲಯಗಳಿವೆ. ಭಾರಲೋಹ, ಕೀಟನಾಶಕಗಳಂಥ ಸೂಕ್ಷ್ಮಾಂಶಗಳನ್ನು ಮೂರನೆಯ ಹಂತದಲ್ಲಿ ಪರೀಕ್ಷಿಸುತ್ತಾರೆ. ಮೊದಲ ಹಂತದ ಬಣ್ಣ ಮತ್ತು ವಾಸನೆ ಜನಪದರ ಪರೀಕ್ಷೆಯ ಅಂಗಗಳೇ ಆಗಿವೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಮಾಲಿನ್ಯ ನಿಯಂತ್ರಣ ಮಂಡಳಿಗಳು ನೀರನ್ನು ಅದರ ಉತ್ತಮ ಬಳಕೆಯ ಆಧಾರದ ಮೇಲೆ ಐದು ದರ್ಜೆಗಳಾಗಿ ವಿಂಗಡಿಸುತ್ತವೆ. ಸೋಂಕು ನಿವಾರಣೆ ಮಾತ್ರ ಮಾಡಿ ಕುಡಿಯಬಹುದಾದದ್ದು ಮೊದಲ ದರ್ಜೆ. ಇದರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಮಿಗಿಂತ ಕಡಿಮೆ ಇರಬಾರದು, ಜೈವಿಕ ಆಮ್ಲಜನಕ ಬೇಡಿಕೆ 2 ಮಿಲಿಗ್ರಾಂ ಮೀರಬಾರದು, 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ ಜೀವಿಗಳ ಸಂಖ್ಯೆ 50 ದಾಟಬಾರದು. ಎರಡನೆಯ ದರ್ಜೆ ಸ್ನಾನಕ್ಕೆ, ಮೂರನೆಯದು ಪೂರ್ಣ ಶುದ್ಧೀಕರಣದ ನಂತರ ಕುಡಿಯಲು, ನಾಲ್ಕನೆಯದು ವನ್ಯಜೀವಿ ಮತ್ತು ಮೀನುಗಾರಿಕೆಗೆ, ಐದನೆಯದು ನೀರಾವರಿ ಮೊದಲಾದ ಬಳಕೆಗೆ. ಜೈವಿಕ ಆಮ್ಲಜನಕ ಬೇಡಿಕೆ ಎಂದರೆ ನೀರಿನಲ್ಲಿರುವ ಕೊಳೆಯನ್ನು ಕರಗಿಸಲು ಸೂಕ್ಷ್ಮಜೀವಿಗಳು ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣ. ಅದು ಹೆಚ್ಚಿದಷ್ಟೂ ಮೀನಿಗೆ ಉಳಿಯುವ ಉಸಿರು ಕಡಿಮೆ.

ಬಳಕೆಯಿಂದ ನೀರನ್ನು ವಿಂಗಡಿಸುವ ಈ ಕ್ರಮ ದಂಡೆಯ ಊರುಗಳಿಗೆ ಹೊಸದಲ್ಲ. ಕುಡಿಯುವ ನೀರು ತುಂಬುವ ಜಾಗ ಮೇಲೆ, ಸ್ನಾನದ ಜಾಗ ಅದರ ಕೆಳಗೆ, ಬಟ್ಟೆ ಒಗೆಯುವುದು, ದನ ತೊಳೆಯುವುದು ಇನ್ನೂ ಕೆಳಗೆ ಎಂಬ ವ್ಯವಸ್ಥೆ ಅನೇಕ ಊರುಗಳ ಹೊಳೆಯ ಕಟ್ಟೆಗಳಲ್ಲಿತ್ತು. ಈ ವ್ಯವಸ್ಥೆಯಲ್ಲಿ ಜಾತಿಯ ಶ್ರೇಣಿಯೂ ಬೆರೆತಿತ್ತು. ಕೆಳಗಿನ ಕಟ್ಟೆ ಯಾರ ಪಾಲಿಗೆ ಬರುತ್ತಿತ್ತು ಎಂಬುದನ್ನು ಮರೆತು ಅದನ್ನು ಪರಿಸರಜ್ಞಾನವೆಂದು ಮಾತ್ರ ಹೊಗಳುವುದು ಸರಿಯಲ್ಲ. ಆದರೂ ಹರಿವಿನ ದಿಕ್ಕನ್ನು ಅನುಸರಿಸಿ ಬಳಕೆಯನ್ನು ಕ್ರಮಪಡಿಸಬೇಕು ಎಂಬ ತತ್ವ ಅದರಲ್ಲಿದೆ. ಮೇಲಿನ ಊರಿನ ಚರಂಡಿ ಕೆಳಗಿನ ಊರಿನ ಕುಡಿಯುವ ನೀರಿಗೆ ಬಂದು ಸೇರುವ ಇಂದಿನ ಸ್ಥಿತಿಯಲ್ಲಿ ಆ ತತ್ವವೇ ಕಳಚಿಹೋಗಿದೆ. 2018ರ ಪಟ್ಟಿಯಲ್ಲಿ ದೇಶದ 351 ನದಿಭಾಗಗಳಿದ್ದವು. ಅವುಗಳಲ್ಲಿ 17 ಕರ್ನಾಟಕದವು. ತುಂಗಾ, ಭದ್ರಾ, ತುಂಗಭದ್ರಾ ಮೂರೂ ಅದರಲ್ಲಿದ್ದವು.

5. ಕೆಂಪುನೀರಿನ ಸಾಕ್ಷ್ಯ: ಕುದುರೆಮುಖ

ಜನಪದ ವೀಕ್ಷಣೆ ಮತ್ತು ವೈಜ್ಞಾನಿಕ ಮಾಪನ ಒಂದನ್ನೊಂದು ಸಂಧಿಸಿದ ಸ್ಪಷ್ಟ ಉದಾಹರಣೆ ಭದ್ರೆಯ ಮೇಲ್ಕೊಳ್ಳದಲ್ಲಿ ದೊರೆಯುತ್ತದೆ. ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆಗಾಗಿ 1976ರಲ್ಲಿ ಸಾರ್ವಜನಿಕ ವಲಯದ ಕಂಪನಿ ಸ್ಥಾಪನೆಯಾಯಿತು. ಅತಿ ಹೆಚ್ಚು ಮಳೆ ಬೀಳುವ, ಕಡಿದಾದ ಇಳಿಜಾರಿನ ಶೋಲಾ ಕಾಡು ಮತ್ತು ಹುಲ್ಲುಗಾವಲಿನ ನಡುವೆ ತೆರೆದ ಗಣಿ ಅದು. ಅದಿರನ್ನು ಸಂಸ್ಕರಿಸಿದ ಬಳಿಕ ಉಳಿಯುವ ನಯವಾದ ತ್ಯಾಜ್ಯವನ್ನು ತಡೆಯಲು ಭದ್ರೆಯ ಉಪನದಿಯಾದ ಲಖ್ಯಾ ಹೊಳೆಗೆ ಅಡ್ಡಲಾಗಿ ಅಣೆಕಟ್ಟೆ ಕಟ್ಟಲಾಯಿತು.

ಮಳೆಗಾಲದ ಕೆಂಪು ನೀರು ಭದ್ರೆಯ ದಂಡೆಯವರಿಗೆ ಅಪರಿಚಿತವಲ್ಲ. ಅವರ ಆತಂಕಕ್ಕೆ ಕಾರಣವಾದದ್ದು ಮಣ್ಣಿನ ಪ್ರಮಾಣ ಮತ್ತು ಸ್ವಭಾವದಲ್ಲಿ ಕಂಡ ವ್ಯತ್ಯಾಸ. ಹೊಸನೀರಿನ ಕೆಂಪು ಕೆಲವು ಮಳೆಗಳ ನಂತರ ಇಳಿಯಬೇಕು. ಇಳಿಯದಿದ್ದರೆ ಮೇಲೆಲ್ಲೋ ನೆಲ ತೆರೆದಿದೆ ಎಂದು ಅರ್ಥ. ಈ ತರ್ಕವನ್ನು ಸಂಖ್ಯೆಗಳಲ್ಲಿ ಪರೀಕ್ಷಿಸುವ ಕೆಲಸವನ್ನು ಜಗದೀಶ ಕೃಷ್ಣಸ್ವಾಮಿ ಮತ್ತು ಸಹಸಂಶೋಧಕರು ಮಾಡಿದರು. ಮಳೆ, ಹರಿವು ಮತ್ತು ತೇಲುಹೂಳನ್ನು ಏಕಕಾಲದಲ್ಲಿ ಅಳೆದು ಅವರು 2006ರಲ್ಲಿ ಪ್ರಕಟಿಸಿದ ಅಧ್ಯಯನವು, ಜಲಾನಯನದ ಅತ್ಯಲ್ಪ ಭಾಗವನ್ನು ಮಾತ್ರ ವ್ಯಾಪಿಸಿದ್ದ ಗಣಿಪ್ರದೇಶ ಹೊಳೆಯ ಹೂಳಿಗೆ ತನ್ನ ವಿಸ್ತೀರ್ಣಕ್ಕೆ ಮೀರಿದ ಪಾಲನ್ನು ಸೇರಿಸುತ್ತಿತ್ತೆಂದು ತೋರಿಸಿತು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು.

ಇಲ್ಲಿ ಎರಡು ಬಗೆಯ ಅರಿವಿನ ಪಾತ್ರಗಳನ್ನು ಬೇರ್ಪಡಿಸಿ ನೋಡಬೇಕು. ಏನೋ ಕೆಟ್ಟಿದೆ ಎಂಬುದನ್ನು ದಂಡೆಯವರು ಬಣ್ಣದಿಂದ, ಗದ್ದೆಯಲ್ಲಿ ನಿಂತ ಮಣ್ಣಿನಿಂದ ಗುರುತಿಸಬಲ್ಲರು. ಎಷ್ಟು ಕೆಟ್ಟಿದೆ, ಅದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಸೀಸೆ, ತಕ್ಕಡಿ ಮತ್ತು ಮಳೆಮಾಪಕವಿಲ್ಲದೆ ಸ್ಥಾಪಿಸಲಾಗದು. ಮೊದಲನೆಯದು ಪ್ರಶ್ನೆಯನ್ನು ಎತ್ತುತ್ತದೆ. ಎರಡನೆಯದು ಅದನ್ನು ವಾದಕ್ಕೆ ನಿಲ್ಲುವ ಸಾಕ್ಷ್ಯವಾಗಿ ರೂಪಿಸುತ್ತದೆ.

6. ಜಲಾಶಯದ ಹೂಳು ಮತ್ತು 'ಹೂಳಿನ ಜಾತ್ರೆ'

ತುಂಗಭದ್ರಾ ಜಲಾಶಯದ ಆರಂಭದ ಸಂಗ್ರಹ ಸಾಮರ್ಥ್ಯ ಸುಮಾರು 132.5 ಟಿಎಂಸಿ ಅಡಿ. 1993ರ ಸಮೀಕ್ಷೆಯಲ್ಲಿ ಅದು 111.83ಕ್ಕೆ, 2004ರಲ್ಲಿ 104.34ಕ್ಕೆ, 2008ರಲ್ಲಿ 100.86ಕ್ಕೆ ಇಳಿದಂತೆ ಕಂಡಿತು. 2016ರ ಸಮೀಕ್ಷೆ 105.79 ಎಂದು ತೋರಿಸಿತು. ಎಂಟು ವರ್ಷಗಳಲ್ಲಿ ಜಲಾಶಯದ ಹೂಳು ತಾನಾಗಿ ಐದು ಟಿಎಂಸಿಯಷ್ಟು ಕಡಿಮೆಯಾಗುವುದು ಸಾಧ್ಯವಿಲ್ಲ. ಈ ವ್ಯತ್ಯಾಸ ಹೊಳೆಯದಲ್ಲ, ಅಳತೆಯದು. ಅಡ್ಡರೇಖೆಗಳ ಮೇಲೆ ಆಳ ನೋಡುವುದು, ಶಬ್ದತರಂಗಗಳಿಂದ ತಳವನ್ನು ಗುರುತಿಸುವುದು, ಉಪಗ್ರಹಚಿತ್ರಗಳಲ್ಲಿ ಬೇರೆ ಬೇರೆ ಮಟ್ಟದ ನೀರಿನ ಹರವನ್ನು ಅಳೆಯುವುದು ಹೀಗೆ ವಿಧಾನಗಳು ಹಲವು. ಒಂದೊಂದರ ದೋಷದ ಮಿತಿಯೂ ಬೇರೆ. ಉದಾಹರಣೆಗೆ, ಜಲಾಶಯ ಆ ವರ್ಷ ಇಳಿದ ಕನಿಷ್ಠ ಮಟ್ಟಕ್ಕಿಂತ ಕೆಳಗೆ ಏನಿದೆ ಎಂಬುದನ್ನು ಉಪಗ್ರಹಚಿತ್ರ ಹೇಳಲಾರದು. ಆದ್ದರಿಂದ ಸಮೀಕ್ಷೆಯ ಒಂದು ಅಂಕಿಯನ್ನು ಉಲ್ಲೇಖಿಸುವವರು ಅದರ ವರ್ಷವನ್ನೂ ವಿಧಾನವನ್ನೂ ಜೊತೆಗೆ ಹೇಳುವುದು ಅಗತ್ಯ. ಜನಪದ ಪಾಠವೊಂದನ್ನು ದಾಖಲಿಸುವಾಗ ವಕ್ತೃ, ಸ್ಥಳ, ದಿನಾಂಕಗಳನ್ನು ನಮೂದಿಸಬೇಕೆಂದು ನಾವು ವಿದ್ಯಾರ್ಥಿಗಳಿಗೆ ಕಲಿಸುವುದೂ ಇದೇ ಕಾರಣಕ್ಕೆ.

ಅಂಕಿಗಳು ಏನೇ ಇರಲಿ, 1953ರಿಂದ 2016ರವರೆಗೆ ಕಳೆದುಹೋದ ಸಾಮರ್ಥ್ಯ ಸುಮಾರು 26.7 ಟಿಎಂಸಿ, ಎಂದರೆ 75 ಕೋಟಿ ಘನಮೀಟರಿಗೂ ಹೆಚ್ಚು. ಇದರ ಪರಿಣಾಮ ಎಡದಂಡೆ ಬಲದಂಡೆ ಕಾಲುವೆಗಳ ಕೊನೆಯಂಚಿನ ರೈತರ ಮೇಲೆ ಮೊದಲು ಬೀಳುತ್ತದೆ. 2017ರ ಬೇಸಗೆಯಲ್ಲಿ ಈ ಭಾಗದ ರೈತರು ಜಲಾಶಯದ ಒಣಗಿದ ಹಿನ್ನೀರು ಪ್ರದೇಶಕ್ಕಿಳಿದು ಸ್ವತಃ ಹೂಳೆತ್ತಲು ತೊಡಗಿದರು. ಆ ಕಾರ್ಯಕ್ಕೆ ಅವರು ಇಟ್ಟ ಹೆಸರು 'ಹೂಳಿನ ಜಾತ್ರೆ'.

ಜಾನಪದದ ದೃಷ್ಟಿಯಿಂದ ಈ ಹೆಸರು ಮಹತ್ವದ್ದು. ಚಳವಳಿ, ಧರಣಿ, ಮುತ್ತಿಗೆ ಎಂಬ ಪದಗಳು ಲಭ್ಯವಿದ್ದೂ ರೈತರು ಜಾತ್ರೆ ಎಂಬ ಪದವನ್ನು ಆರಿಸಿಕೊಂಡರು. ಜಾತ್ರೆಯೆಂದರೆ ಕರೆಯದೆಯೂ ಬರುವ ಜನ, ಕೂಲಿಯಿಲ್ಲದ ಸೇವೆ, ಎಲ್ಲರಿಗೂ ಪ್ರಸಾದ, ವರ್ಷ ವರ್ಷವೂ ಮರಳಿ ಬರುವ ಕಟ್ಟುಪಾಡು. ಕೆರೆಯ ಹೂಳೆತ್ತುವುದು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಧರ್ಮಕಾರ್ಯವೇ ಆಗಿತ್ತು. ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ದತ್ತಿಗಳನ್ನೂ ಹೂಳು ಸಾಗಿಸುವ ಬಂಡಿಗಳ ನಿರ್ವಹಣೆಗೆ ಬಿಟ್ಟ ಭೂಮಿಯನ್ನೂ ಶಾಸನಗಳು ದಾಖಲಿಸಿವೆ. ಊರೊಟ್ಟಿನ ಈ ಹಳೆಯ ಹೊಣೆಗಾರಿಕೆಯನ್ನು 'ಜಾತ್ರೆ' ಎಂಬ ಪದ ಮೂರು ರಾಜ್ಯಗಳಿಗೆ ಸಂಬಂಧಿಸಿದ ಬೃಹತ್ ಜಲಾಶಯಕ್ಕೆ ವಿಸ್ತರಿಸಿತು.

ಆದರೆ ಕೆರೆಗೆ ಸಲ್ಲುವ ಅಳತೆ ಜಲಾಶಯಕ್ಕೆ ಸಲ್ಲುವುದಿಲ್ಲ. ಒಂದು ಟಿಎಂಸಿ ಎಂದರೆ ಸುಮಾರು 2.83 ಕೋಟಿ ಘನಮೀಟರ್. ಒಂದು ಟ್ರ್ಯಾಕ್ಟರ್ ಟ್ರೈಲರಿಗೆ ಮೂರು ಘನಮೀಟರ್ ಮಣ್ಣು ಹಿಡಿಯುತ್ತದೆಂದು ಭಾವಿಸಿದರೂ ಒಂದು ಟಿಎಂಸಿ ಹೂಳಿಗೆ 94 ಲಕ್ಷಕ್ಕೂ ಮಿಕ್ಕಿ ಟ್ರೈಲರುಗಳು ಬೇಕು. ಹೂಳಿನ ಜಾತ್ರೆಯ ಸಾರ್ಥಕತೆಯನ್ನು ಎತ್ತಿದ ಮಣ್ಣಿನಿಂದ ಅಳೆಯಲಾಗದು. ಸರ್ಕಾರಿ ಕಡತದ ಒಂದು ಅಂಕಿಯನ್ನು ಅದು ಜನರು ಕಣ್ಣಾರೆ ಕಂಡು ಕೈಯಾರೆ ಮುಟ್ಟುವ ವಸ್ತುವನ್ನಾಗಿಸಿತು. ಕಳೆದುಹೋದ ನೀರನ್ನು ಬೇರೆಡೆ ಹಿಡಿದಿಡಲು ಕೊಪ್ಪಳ ಜಿಲ್ಲೆಯ ನವಲಿಯ ಬಳಿ ಸಮಾನಾಂತರ ಜಲಾಶಯ ನಿರ್ಮಿಸುವ ಪ್ರಸ್ತಾವದ ಸುತ್ತ ಚರ್ಚೆಗಳು ನಡೆದಿವೆ. ಅಂಥ ಹೊಸ ಜಲಾಶಯಕ್ಕೂ ಮೇಲಿನಿಂದ ಬರುವುದು ಅದೇ ಹೊಳೆಯ ನೀರು. ಮೇಲ್ಕೊಳ್ಳದ ಮಣ್ಣನ್ನು ಮೇಲೆಯೇ ತಡೆಯದೆ ಕೆಳಗಿನ ಲೆಕ್ಕ ಎಂದೂ ಮುಗಿಯುವುದಿಲ್ಲ.

ಜಲಾಶಯದಲ್ಲಿ ನಿಂತ ಹೂಳು ಇನ್ನೆಲ್ಲೋ ಸಲ್ಲಬೇಕಾಗಿದ್ದ ಹೂಳು ಎಂಬುದನ್ನೂ ಮರೆಯಬಾರದು. ಕೃಷ್ಣಾ ನದಿಯ ಮುಖಜಭೂಮಿಯ ಕಡಲಂಚು ಕೊರೆಯುತ್ತಿರುವುದನ್ನು ಗುರುತಿಸಿ, ಕೊಳ್ಳದ ಜಲಾಶಯಗಳಲ್ಲಿ ಹೂಳು ತಡೆಹಿಡಿಯಲ್ಪಡುವುದಕ್ಕೂ ಅದಕ್ಕೂ ಇರುವ ಸಂಬಂಧವನ್ನು ಗಮಗೆ ಮತ್ತು ಸ್ಮಾಖ್ತಿನ್ 2009ರ ಅಧ್ಯಯನದಲ್ಲಿ ಚರ್ಚಿಸಿದ್ದಾರೆ. ಹೊಸಪೇಟೆಯಲ್ಲಿ ಹೂಳೆನಿಸಿದ್ದು ಸಮುದ್ರದಂಚಿನಲ್ಲಿ ನೆಲವಾಗಬೇಕಾಗಿತ್ತು. ಮಣ್ಣಿನ ಮೌಲ್ಯ ಅದರ ಸ್ಥಾನದಲ್ಲಿದೆ ಎಂಬ ಜನಪದ ವರ್ಗೀಕರಣದ ತತ್ವ ಇಡೀ ಕೊಳ್ಳದ ಮಟ್ಟದಲ್ಲಿಯೂ ಸತ್ಯವಾಗಿ ಕಾಣುತ್ತದೆ.

7. ಮರಳು, ಒರತೆ, ಮೀನು

ಹೂಳು ಮತ್ತು ಗುಣಮಟ್ಟ ಎಂಬ ಎರಡು ವಿಷಯಗಳನ್ನು ಇಲಾಖೆಗಳು ಬೇರೆ ಬೇರೆ ಕಡತಗಳಲ್ಲಿ ಇಡುತ್ತವೆ. ಜನಪದ ಬದುಕಿನಲ್ಲಿ ಅವು ಒಂದೇ ಆಗಿ ಕೂಡುವ ಸ್ಥಾನ ಒರತೆ. ಬೇಸಗೆಯಲ್ಲಿ ಹೊಳೆಯ ಮರಳನ್ನು ತೋಡಿ, ಒಸರಿದ ನೀರನ್ನು ತೆಂಗಿನ ಚಿಪ್ಪಿನಿಂದಲೋ ಬಟ್ಟಲಿನಿಂದಲೋ ತುಂಬಿಕೊಳ್ಳುವ ಪದ್ಧತಿ ಬಯಲುಸೀಮೆಯ ಹೊಳೆಸಾಲಿನಲ್ಲೆಲ್ಲ ಇತ್ತು. ಉತ್ತರ ಕರ್ನಾಟಕದಲ್ಲಿ ಇದನ್ನು 'ವರ್ತಿ' ಎನ್ನುತ್ತಾರೆ. ಪಕ್ಕದಲ್ಲಿಯೇ ಹರಿಯುವ ನೀರಿದ್ದರೂ ಕುಡಿಯಲು ಒರತೆಯ ನೀರನ್ನೇ ಒಯ್ಯುತ್ತಿದ್ದರು. ಮರಳಿನ ಪದರ ನೀರನ್ನು ಸೋಸುತ್ತದೆ ಎಂಬುದು ಅವರ ಅನುಭವ; ನಗರಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಮರಳಿನ ಸೋಸುಹಾಸು ಮಾಡುವ ಕೆಲಸವೂ ಇದೇ. ಮರಳು ತೆಗೆದ ಹೊಳೆಯಲ್ಲಿ ಒರತೆ ಉಳಿಯುವುದಿಲ್ಲ. ಮಿತಿಮೀರಿದ ಮರಳುಗಾರಿಕೆಯ ನಷ್ಟವನ್ನು ಲೆಕ್ಕಹಾಕುವವರು ಒರತೆಗಳ ಅಳಿವನ್ನೂ ಎಣಿಸಬೇಕು.

ಹಾಗೆಯೇ ಬಗ್ಗಡದ ನೀರನ್ನು ತಿಳಿಗೊಳಿಸಲು ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುವ ಪದ್ಧತಿ. ಬೀಜದ ಸಾರ ನಯವಾದ ಮಣ್ಣಿನ ಕಣಗಳನ್ನು ಒಟ್ಟುಗೂಡಿಸಿ ತಳಕ್ಕಿಳಿಸುತ್ತದೆ. ಶುದ್ಧೀಕರಣ ಘಟಕಗಳಲ್ಲಿ ಪಟಿಕ ಬಳಸುವ ತತ್ವವೂ ಇದರಿಂದ ಬೇರೆಯಲ್ಲ.

ಮೀನುಗಳ ವಿಚಾರವೂ ಇಲ್ಲಿ ಪ್ರಸ್ತುತ. ತುಂಗೆಯಲ್ಲಿ ಶೃಂಗೇರಿಯ ಮತ್ಸ್ಯಗಳು, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆಯ ಮತ್ಸ್ಯಧಾಮ ದೇವರ ಮೀನುಗಳೆಂಬ ನಂಬಿಕೆಯಿಂದ ಉಳಿದುಬಂದಿವೆ. ಅಲ್ಲಿ ಬಲೆ ಬೀಸುವುದು ನಿಷಿದ್ಧ. ಬಲೆಯಿಂದ ಮೀನು ಕಡಿಮೆಯಾಗದ ಕಡೆ ಅವುಗಳ ಸಂಖ್ಯೆ ಕುಸಿದರೆ ಕಾರಣವನ್ನು ನೀರಿನಲ್ಲಿಯೇ ಹುಡುಕಬೇಕಾಗುತ್ತದೆ. ತಿಂಗಳಿಗೊಮ್ಮೆ ತುಂಬಿದ ಸೀಸೆ ಆ ಕ್ಷಣದ ನೀರನ್ನು ಮಾತ್ರ ಹೇಳುತ್ತದೆ. ಮಡುವಿನ ಮೀನು ವರ್ಷದ ಎಲ್ಲ ದಿನಗಳ, ರಾತ್ರಿಗಳ ನೀರಿಗೆ ಸಾಕ್ಷಿ. ದೇವರ ಮೀನಿನ ನಂಬಿಕೆ ಹೀಗೆ ತಾನರಿಯದೆಯೇ ಒಂದು ದೀರ್ಘಕಾಲದ ವೀಕ್ಷಣಾ ಕೇಂದ್ರವನ್ನು ಕಾಪಾಡಿದೆ.

8. ಜನಪದ ಅರಿವಿನ ಮಿತಿ

ಜನಪದ ಅರಿವನ್ನು ಎತ್ತಿಹಿಡಿಯುವ ಉತ್ಸಾಹದಲ್ಲಿ ಅದರ ಮಿತಿಯನ್ನು ಮುಚ್ಚಿಡುವುದು ಜಾನಪದಕ್ಕೆ ಮಾಡುವ ಉಪಕಾರವಲ್ಲ. ಈ ಅರಿವು ಇಂದ್ರಿಯಗಳನ್ನು ಅವಲಂಬಿಸಿದೆ. ಬಣ್ಣ, ವಾಸನೆ, ರುಚಿ, ಸ್ಪರ್ಶಗಳಿಗೆ ಎಟುಕದ ವಿಷವನ್ನು ಅದು ಕಾಣಲಾರದು. ಕೋಲಿಫಾರ್ಮ್ ಜೀವಿಗಳು ಸ್ಫಟಿಕದಂಥ ತಿಳಿನೀರಿನಲ್ಲಿಯೂ ಇರಬಲ್ಲವು. ಕೀಟನಾಶಕದ ಅಂಶ, ಭಾರಲೋಹ, ಅಂತರ್ಜಲದ ಫ್ಲೋರೈಡ್ ಇವೆಲ್ಲ ನಾಲಿಗೆಗೆ ತಿಳಿಯುವ ಮಟ್ಟಕ್ಕಿಂತ ಬಹಳ ಕೆಳಗೇ ಅಪಾಯಕಾರಿಯಾಗುತ್ತವೆ. ತಿಳಿಯಾದದ್ದೆಲ್ಲ ಶುದ್ಧ ಎಂಬ ಸಮೀಕರಣ ಹಿಂದೆ ಬಹುಮಟ್ಟಿಗೆ ಕೆಲಸ ಮಾಡಿರಬಹುದು. ಇಂದು ಅದು ದಾರಿ ತಪ್ಪಿಸುತ್ತದೆ. ಚಿಲ್ಲದ ಬೀಜ ಮಣ್ಣನ್ನು ಇಳಿಸಬಲ್ಲದು, ಕರಗಿದ ವಿಷವನ್ನಲ್ಲ.

ಎರಡನೆಯ ಮಿತಿ ಪಾವಿತ್ರ್ಯದ ಕಲ್ಪನೆಯಿಂದ ಬರುತ್ತದೆ. ಹರಿಯುವ ನೀರಿಗೆ ಮೈಲಿಗೆಯಿಲ್ಲ ಎಂಬ ನಂಬಿಕೆ ಹೊಳೆಯನ್ನು ಗೌರವಿಸುವಂತೆ ಮಾಡುವಂತೆಯೇ ಹೊಳೆಗೆ ಏನು ಬಿಟ್ಟರೂ ಆದೀತು ಎಂಬ ಉದಾಸೀನಕ್ಕೂ ಎಡೆಗೊಡುತ್ತದೆ. ಪಾವಿತ್ರ್ಯ ಮತ್ತು ಶುದ್ಧಿ ಬೇರೆ ಬೇರೆ ವರ್ಗಗಳು. ಮೊದಲನೆಯದು ಕೆಡದು ಎಂದು ನಂಬಲಾಗುತ್ತದೆ. ಎರಡನೆಯದು ಕೆಡುತ್ತದೆ ಎಂದು ಅಳತೆ ತೋರಿಸುತ್ತದೆ.

ಮೂರನೆಯದಾಗಿ, ಜನಪದ ಸ್ಮೃತಿ ಸ್ಥಳೀಯವಾದದ್ದು. ತನ್ನ ಕಡವಿನ ನೀರು ಅಂಬಿಗನಿಗೆ ಗೊತ್ತು. ಇಡೀ ಕೊಳ್ಳದ ಚಿತ್ರ ಅವನಿಗೆ ದೊರೆಯುವುದಿಲ್ಲ. ಹರಿಗೋಲಿನ ಕಾಯಕವೇ ಅಳಿದ ಕಡೆ, ಮನೆಗೆ ನಲ್ಲಿ ಬಂದು ಹೊಳೆಗೆ ಹೋಗುವುದು ತಪ್ಪಿದ ಕಡೆ, ಆ ವೀಕ್ಷಣೆಯೂ ನಿಂತಿದೆ. ಈಚಿನ ವರ್ಷಗಳಲ್ಲಿ ತುಂಗಭದ್ರಾ ಜಲಾಶಯದ ನೀರು ಹಸಿರುಗಟ್ಟಿದಾಗ ಜನ ಗಾಬರಿಗೊಂಡರು. ನಿಂತನೀರು, ಬಿಸಿಲು ಮತ್ತು ಹೊಲಗದ್ದೆ, ಚರಂಡಿಗಳಿಂದ ಬಂದ ಪೋಷಕಾಂಶಗಳು ಸೇರಿದಾಗ ಪಾಚಿ ಹಬ್ಬುತ್ತದೆ. ಹಿಂದೆ ಹೆಸರಿಲ್ಲದ ಈ ಹಸಿರಿಗೆ ಹಳೆಯ ವರ್ಗೀಕರಣದಲ್ಲಿ ಸ್ಥಾನವಿಲ್ಲ.

9. ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ಹೊಳೆಯ ನೀರು ಮತ್ತು ಹೂಳನ್ನು ಕುರಿತ ಜನಪದ ಅರಿವು ವ್ಯವಸ್ಥಿತವಾದ ವರ್ಗೀಕರಣವನ್ನು ಒಳಗೊಂಡಿದೆ. ಋತು, ಕಣದ ಗಾತ್ರ ಮತ್ತು ಬಳಕೆ ಅದರ ಆಧಾರಗಳು. ಬದಲಾವಣೆಯನ್ನು ಬೇಗನೆ ಗುರುತಿಸುವುದು ಅದರ ಬಲ. ಪ್ರಮಾಣವನ್ನು ಹೇಳಲಾರದಿರುವುದು, ಕಣ್ಣಿಗೆ ಕಾಣದ್ದನ್ನು ಅರಿಯಲಾರದಿರುವುದು ಅದರ ದೌರ್ಬಲ್ಯ. ವೈಜ್ಞಾನಿಕ ಮಾಪನದ ಬಲ ಮತ್ತು ದೌರ್ಬಲ್ಯಗಳು ಹೆಚ್ಚುಕಡಿಮೆ ಇದಕ್ಕೆ ತದ್ವಿರುದ್ಧ. ಅದು ನಿಖರ, ಹೋಲಿಸಲು ಯೋಗ್ಯ. ಆದರೆ ಕೇಂದ್ರಗಳು ವಿರಳ, ಪರೀಕ್ಷೆಗಳ ನಡುವಿನ ಅಂತರ ದೀರ್ಘ, ಅದರ ಭಾಷೆ ದಂಡೆಯವರಿಗೆ ಅಪರಿಚಿತ.

ಇವೆರಡನ್ನೂ ಜೋಡಿಸುವ ಕೆಲಸದಲ್ಲಿ ಜಾನಪದ ವಿದ್ವಾಂಸರಿಗೆ ನಿರ್ದಿಷ್ಟ ಹೊಣೆಯಿದೆ. ಹೊಳೆಸಾಲಿನ ನೀರು ಮತ್ತು ಮಣ್ಣಿನ ಪದಕೋಶವೊಂದನ್ನು ಊರು, ವೃತ್ತಿ, ನಕ್ಷತ್ರಗಳ ಸಮೇತ ಸಂಗ್ರಹಿಸಬೇಕು. ಬೆಸ್ತರು, ಅಂಬಿಗರು, ಮಡಿವಾಳರು, ಕುಂಬಾರರ ನೆನಪಿನಲ್ಲಿರುವ ಹೊಳೆಯ ಸ್ಥಿತ್ಯಂತರಗಳನ್ನು ದಿನಾಂಕಸಹಿತ ದಾಖಲಿಸಿ ಸಮೀಪದ ವೀಕ್ಷಣಾ ಕೇಂದ್ರದ ಅಂಕಿಗಳೊಡನೆ ಹೋಲಿಸಬೇಕು. ಮಂಡಳಿಯ ಐದು ದರ್ಜೆಗಳನ್ನು ದಂಡೆಯ ಊರುಗಳಲ್ಲಿ ಜನರಿಗೆ ತಿಳಿಯುವ ಕನ್ನಡದಲ್ಲಿ ಫಲಕಗಳ ಮೇಲೆ ಬರೆಸಬೇಕು. ಈ ನೀರು ಕುಡಿಯಲೋ, ಮೀಯಲೋ, ಹೊಲಕ್ಕೆ ಮಾತ್ರವೋ ಎಂಬುದು ನೀರು ತುಂಬುವವರಿಗೆ ನೀರು ತುಂಬುವ ಜಾಗದಲ್ಲಿಯೇ ಗೊತ್ತಾಗಬೇಕು. 'ಹರಿಯೋ ನೀರಿಗೆ ದೊಣ್ಣೆನಾಯಕನ ಅಪ್ಪಣೆ ಯಾಕೆ' ಎಂದು ಗಾದೆ ಕೇಳುತ್ತದೆ. ಹೊಳೆ ಎಲ್ಲರದೂ ಎಂಬ ಆ ಮಾತು ನಿಜವಾದರೆ, ಹೊಳೆಯ ಲೆಕ್ಕವೂ ಎಲ್ಲರ ಕೈಗೆ ಸಿಗಬೇಕು.